ಚಿಕ್ಕಮಾದಮ್ಮ ಉಜ್ಜಿ ಹಾಕಿದ ಉಬ್ಬು

ಬೆಳಗ್ಗೆ ಆರಾಗಲು ಇನ್ನೂ ಹತ್ತು ನಿಮಿಷ ಇದೆ. ಮೈಸೂರಿನ ಪಕ್ಕದ ಕಡಕೊಳದ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ, ಶೀಟು ಹೊದಿಸಿದ ಶೆಡ್ಡೊಂದರಲ್ಲಿ ಚಿಕ್ಕಮಾದಮ್ಮ ಬಕೆಟ್ಟಿನ ನೀರಿಗೆ ಬಿಳಿ ಪ್ಲಾಸ್ಟರ್ ಪುಡಿಯನ್ನು ಹಿಡಿಹಿಡಿಯಾಗಿ ಉದುರಿಸುತ್ತಿದ್ದಾರೆ. ಉದುರಿಸಿ ಒಂದು ನಿಮಿಷ ಸುಮ್ಮನೆ ಬಿಡುತ್ತಾರೆ. ಆಮೇಲೆ ಮೊಣಕೈವರೆಗೆ ಕೈ ಇಳಿಸಿ, ಗಂಟು ಬಾರದ ಹಾಗೆ ನಿಧಾನಕ್ಕೆ ಕಲಸುತ್ತಾರೆ. "ಬಿಸ್ಲು ಏರುದ್ರೆ ಬೇಗ ಗಟ್ಟಿಯಾಗ್ಬುಡುತ್ತೆ ಮೇಡಂ. ಈ ಹೊತ್ತಲ್ಲಾದ್ರೆ ವಸಿ ಟೈಮ್ ಕೊಡುತ್ತೆ," ಅನ್ನುತ್ತಾರೆ, ತಲೆ ಎತ್ತದೆ.

ಕಲಸಿದ್ದನ್ನು ಎರಡು ಹೋಳಿನ ರಬ್ಬರ್ ಅಚ್ಚಿಗೆ ಸುರಿದು, ಗಾಳಿಗುಳ್ಳೆ ಮೇಲೆ ಬರಲಿ ಎಂದು ಅಂಗೈಯಿಂದ ತಟ್ಟುತ್ತಾರೆ. ಮುಕ್ಕಾಲು ಗಂಟೆ ಕಳೆದು ಅಚ್ಚು ಬಿಡಿಸಿದಾಗ ಒಳಗಿನಿಂದ ಒಂದು ತಲೆಬುರುಡೆ ಹೊರಬರುತ್ತದೆ. ಮೈ ಇನ್ನೂ ಬೆಚ್ಚಗಿದೆ. ನಮ್ಮ ಬುರುಡೆಯ ಹಾಗಿಲ್ಲ ಅದು. ಹುಬ್ಬಿನ ಮೂಳೆ ಮನೆಯ ಸೂರಿನಂತೆ ಮುಂದಕ್ಕೆ ಚಾಚಿದೆ, ಹಣೆ ಹಿಂದಕ್ಕೆ ಜಾರಿದೆ, ಗಲ್ಲ ಇಲ್ಲವೇ ಇಲ್ಲ. ಇದು ನಿಯಾಂಡರ್ತಾಲ್ ಮಾನವನ ಬುರುಡೆಯ ಪ್ರತಿ. ಶೆಡ್ಡಿನಲ್ಲಿ ಅಷ್ಟುದ್ದದ ಹೆಸರು ಯಾರ ನಾಲಿಗೆಗೂ ಹೊಂದದೆ 'ತಾಳಪ್ಪ' ಆಗಿದೆ.

ತಾಳಪ್ಪನಂಥವರು ಯುರೋಪು ಮತ್ತು ಪಶ್ಚಿಮ ಏಷ್ಯಾದಲ್ಲಿ ಲಕ್ಷಾಂತರ ವರ್ಷ ಬದುಕಿ, ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆ ಕಣ್ಮರೆಯಾದರು. ನಮ್ಮ ಪೂರ್ವಜರು ಅನ್ನುವುದಕ್ಕಿಂತ ದಾಯಾದಿಗಳು ಅನ್ನುವುದು ಸರಿ. ಅವರ ಮಿದುಳು ನಮ್ಮದಕ್ಕಿಂತ ಸಣ್ಣದಾಗಿರಲಿಲ್ಲ. ಬೆಂಕಿ ಮಾಡುತ್ತಿದ್ದರು, ಸತ್ತವರನ್ನು ಹೂಳುತ್ತಿದ್ದರು. ನಮ್ಮಲ್ಲಿ ಬಹುತೇಕರ ಮೈಯಲ್ಲಿ ಇವತ್ತಿಗೂ ನೂರಕ್ಕೆ ಒಂದೆರಡು ಪಾಲು ಅವರ ಅಂಶ ಇದೆ. ಕಾಲೇಜುಗಳಲ್ಲಿ ಮಾನವ ವಿಕಾಸದ ಪಾಠ ಮಾಡುವಾಗ ಮೇಜಿನ ಮೇಲೆ ಸಾಲಾಗಿ ಇಡುವ ಐದು ಬುರುಡೆಗಳಲ್ಲಿ ತಾಳಪ್ಪನದು ನಾಲ್ಕನೆಯದು. ಕೊನೆಯದು ನಮ್ಮದು.

ಐವತ್ಮೂರು ವರ್ಷದ ಚಿಕ್ಕಮಾದಮ್ಮ ದಿನಕ್ಕೆ ಆರು ಬುರುಡೆ, ಹೆಚ್ಚಾಗಿ ನಮ್ಮವನ್ನೇ, ಎರಕ ಹೊಯ್ಯುತ್ತಾರೆ, ಹಿಂದಿನ ದಿನದ ಆರಕ್ಕೆ ಫಿನಿಶಿಂಗ್ ಮಾಡುತ್ತಾರೆ. ಅಚ್ಚಿನ ಜೋಡಣೆಯ ಗೆರೆಯನ್ನು ಚಾಕುವಿನಲ್ಲಿ ಕೆತ್ತಿ, ಅರದಿಂದ ಉಜ್ಜಿ, ಉಪ್ಪು ಕಾಗದದಿಂದ ನಯ ಮಾಡಿ, ಬಿಸಿಲಿಗಿಟ್ಟು, ಬಣ್ಣಕ್ಕೆ ಕಳಿಸುವುದು ಅವರ ಕೆಲಸ. ಅವರ ಕೈ ದಾಟಿದ ಬುರುಡೆಗಳು ಬೀದರಿನಿಂದ ಚಾಮರಾಜನಗರದವರೆಗೆ ನೂರಾರು ಕಾಲೇಜುಗಳಲ್ಲಿವೆ. ಒಂದರ ಮೇಲೂ ಅವರ ಹೆಸರಿಲ್ಲ.

ನಾನು ಇಲ್ಲಿಗೆ ಬಂದದ್ದು ಪತ್ರಿಕೆಗೆ ಇಷ್ಟನ್ನೇ ಬರೆಯಲು. ತಲೆಬುರುಡೆಗಳ ನಡುವೆ ಅಂಜದೆ ದುಡಿಯುವ ಹೆಣ್ಣುಮಗಳು ಎಂಬ ಶೀರ್ಷಿಕೆ ಬಸ್ಸಿನಲ್ಲೇ ಸಿದ್ಧವಾಗಿತ್ತು. ಅವರು ಕೈ ಒರೆಸಿಕೊಂಡು ಎದುರಿಗೆ ಕೂತು ಹೇಳಿದ ಮೊದಲ ಮಾತಿಗೆ ಆ ಶೀರ್ಷಿಕೆ ಬಿದ್ದುಹೋಯಿತು.

"ಮೇಡಂ, ನಾನೊಂದ್ ತಪ್ಪು ಮಾಡಿವ್ನಿ. ಮದ್ಲು ಅದ್ನ ಬರ್ಕೊಳ್ಳಿ. ಅದ್ನ ಬುಟ್ಟು ಬರೆಯೋದಾದ್ರೆ ನನ್ ಬಗ್ಗೆ ಬರೀಲೇಬ್ಯಾಡಿ."

* * *

ಚಿಕ್ಕಮಾದಮ್ಮ ತಿ. ನರಸೀಪುರದ ಕಡೆಯವರು. ಓದಿದ್ದು ಏಳನೇ ಕ್ಲಾಸು. ಮದುವೆಯಾಗಿ ಮೈಸೂರಿನ ಅಶೋಕಪುರಂಗೆ ಬಂದ ಮೇಲೆ ಏಳೆಂಟು ವರ್ಷ ಊದುಬತ್ತಿ ಹೊಸೆದರು. ಆಮೇಲೆ ಪ್ಲಾಸ್ಟರ್ ಗೊಂಬೆ ಮಾಡುವ ಮನೆಯೊಂದರಲ್ಲಿ ಗೊಂಬೆಗಳ ಮುಖ ತಿಕ್ಕುವ ಕೆಲಸ. ಗಂಡ ಸಿದ್ದಪ್ಪಾಜಿ ಗೋಡೆಗೆ ಬಣ್ಣ ಬಳಿಯುವವರು. ಸಾರುವೆಯಿಂದ ಬಿದ್ದು ಸೊಂಟಕ್ಕೆ ಏಟಾದ ಮೇಲೆ ಮನೆಯಲ್ಲೇ ಇದ್ದಾರೆ. ಮಗಳು ಸುಮಾ ಕುವೆಂಪುನಗರದ ಕ್ಲಿನಿಕ್ಕೊಂದರಲ್ಲಿ ನರ್ಸು. ಹದಿಮೂರು ವರ್ಷದ ಹಿಂದೆ, ಗಂಡ ಬಿದ್ದ ತಿಂಗಳಲ್ಲೇ, ಚಿಕ್ಕಮಾದಮ್ಮ ಕಡಕೊಳದ ಈ ಶೆಡ್ಡಿಗೆ ಸೇರಿದರು. ಕಾಲೇಜುಗಳಿಗೆ ಹೃದಯ, ಕಣ್ಣು, ಕಿವಿಯ ಮಾದರಿಗಳನ್ನು ಮಾಡಿಕೊಡುವ ಸಣ್ಣ ಘಟಕ ಇದು. ಮಾಲೀಕರು ಲಿಂಗರಾಜು.

ಸೇರಿದಾಗ ಬುರುಡೆಯ ಕೆಲಸ ನೋಡಿಕೊಳ್ಳುತ್ತಿದ್ದವರು ಕರಿಬಸವಯ್ಯ ಎಂಬ ಹಿರಿಯರು. ಅವರು ಇವರಿಗೆ ಕಲಿಸಿದ್ದು ಒಂದೇ ಬುರುಡೆಯನ್ನು, ನಮ್ಮದನ್ನು. ಉಳಿದ ನಾಲ್ಕನ್ನು ಕಲಿಸುವ ಮೊದಲೇ ಅವರು ಲಕ್ವ ಹೊಡೆದು ಮಲಗಿದರು. ಮುಂದಿನ ವಾರ ಐದು ಅಚ್ಚೂ ಚಿಕ್ಕಮಾದಮ್ಮನ ಪಾಲಿಗೆ ಬಂದವು.

"ತಾಳಪ್ಪನ ಹಿಂದಲೆ ಮೇಲೆ ಒಂದು ಉಬ್ಬು ಬತ್ತಿತ್ತು. ತುರುಬು ಕಟ್ದಂಗೆ. ಅಚ್ಚು ಜೋಡ್ಸೋ ಗೆರೆನೂ ಅಲ್ಲೇ ಹಾದೋಗುತ್ತೆ. ಅಚ್ಚು ಹಳೇದಾಗಿ ಬಾಯ್ ಬುಟ್ಟದೆ, ಅದಕ್ಕೇ ಪ್ಲಾಸ್ಟರ್ ಉಬ್ಬಿಕೊಳ್ತದೆ ಅಂದ್ಕೊಂಡೆ. ನಮ್ ತಲೆ ಗುಂಡಗೆ ಅದೆಯಲ್ಲ, ಇದೂ ಅಂಗೇ ಇರ್ಬೇಕು ಅಂತ ಅರ ತಗೊಂಡು ಉಜ್ಜಿ ಹಾಕ್ದೆ. ಗುಂಡಗೆ, ನುಣ್ಣಗೆ. ನೋಡ್ದೋರೆಲ್ಲ, ಚಿಕ್ಕಮಾದಮ್ಮನ ಫಿನಿಶಿಂಗ್ ಅಂದ್ರೆ ಫಿನಿಶಿಂಗು ಅಂದ್ರು."

ಆ ಉಬ್ಬು ಅಚ್ಚಿನ ದೋಷವಾಗಿರಲಿಲ್ಲ. ನಿಯಾಂಡರ್ತಾಲ್ ಬುರುಡೆಯನ್ನು ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಅದೂ ಒಂದು. ಪಠ್ಯದಲ್ಲಿದೆ, ಪರೀಕ್ಷೆಯಲ್ಲಿ ಕೇಳುತ್ತಾರೆ. ಹನ್ನೊಂದು ವರ್ಷ ಚಿಕ್ಕಮಾದಮ್ಮ ಅದನ್ನು ಶ್ರದ್ಧೆಯಿಂದ ಉಜ್ಜಿದರು. ಶೆಡ್ಡಿನ ರವಾನೆ ಪುಸ್ತಕದ ಪ್ರಕಾರ ಹಾಗೆ ಹೋದ ಬುರುಡೆಗಳು, ತಿಂಗಳಿಗೆ ಎರಡು ಮೂರರಂತೆ, ಮುನ್ನೂರ ಅರವತ್ತೆಂಟು. ಹನ್ನೊಂದು ವರ್ಷದಲ್ಲಿ ಒಬ್ಬ ಅಧ್ಯಾಪಕರಾಗಲಿ, ಒಬ್ಬ ಪರೀಕ್ಷಕರಾಗಲಿ ಇದೇನು ಎಂದು ಕೇಳಲಿಲ್ಲ.

* * *

ಕೇಳಿದವಳು ಮಾನವಶಾಸ್ತ್ರ ಓದುತ್ತಿದ್ದ ನಿಶ್ಚಿತಾ. ನಗರದ ಕಾಲೇಜೊಂದರಲ್ಲಿ ಎಂ.ಎಸ್ಸಿ. ಮೊದಲ ವರ್ಷ. ಪ್ರಾಯೋಗಿಕ ತರಗತಿಯಲ್ಲಿ ಬುರುಡೆಯನ್ನು ನೋಡಿ ವಿವರ ಬರೆಯಬೇಕಿತ್ತು. ಎಲ್ಲರೂ ಪುಸ್ತಕದಲ್ಲಿದ್ದಂತೆ 'ಹಿಂದಲೆಯಲ್ಲಿ ಸ್ಪಷ್ಟವಾದ ಉಬ್ಬು ಇದೆ' ಎಂದು ಬರೆದರು. ನಿಶ್ಚಿತಾ ಮಾತ್ರ ಅಳತೆ ಮಾಡಿ, 'ಈ ಮಾದರಿಯಲ್ಲಿ ಉಬ್ಬು ಇಲ್ಲ, ಹಿಂದಲೆ ಗುಂಡಗಿದೆ' ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದಳು. ಅಧ್ಯಾಪಕ ಸುಂದರೇಶ ಆ ಸಾಲಿಗೆ ಕೆಂಪು ಶಾಯಿಯ ಗೆರೆ ಎಳೆದು, ಮತ್ತೆ ಬರೆದು ತರುವಂತೆ ಹೇಳಿದರು. ಬುರುಡೆಯ ತಳದಲ್ಲಿದ್ದ ವಿಳಾಸದ ಚೀಟಿ ಓದಿಕೊಂಡು ಅವಳು ಮೂವರು ಸಹಪಾಠಿಗಳ ಜೊತೆ ಕಡಕೊಳಕ್ಕೆ ಬಂದಳು.

"ಮೊಬೈಲಲ್ಲಿ ಫೋಟೋ ತೋರ್ಸುದ್ಲು. ಆಂಟಿ, ಇಲ್ಲೊಂದು ಉಬ್ಬು ಇರ್ಬೇಕಲ್ವಾ, ನಿಮ್ದರಲ್ಲಿ ಯಾಕಿಲ್ಲ ಅಂದ್ಲು. ಮರ್ಯಾದೆಯಿಂದ್ಲೇ ಕೇಳಿದ್ದು ಮೇಡಂ. ಓನರ್ ಪಕ್ಕದಲ್ಲೇ ನಿಂತಿದ್ರು. ನನ್ ಕೈಯಲ್ಲಿ ಅರ ಇತ್ತು. ತೊಡೆ ಮೇಲೆ ಉಜ್ಜಿದ್ ಪುಡಿ ಬಿದ್ದಿತ್ತು. ಅದೇ ಉಬ್ಬಿನ ಪುಡಿ."

ಇಲ್ಲಿ ಚಿಕ್ಕಮಾದಮ್ಮ ಎದ್ದು ಹೋಗಿ, ತೊಳೆದಿಟ್ಟಿದ್ದ ಬಕೆಟ್ಟನ್ನೇ ಇನ್ನೊಮ್ಮೆ ತೊಳೆದು ಬರುತ್ತಾರೆ.

"ಅಚ್ಚಲ್ಲಿ ಬರೋದೇ ಅಂಗೆ, ನಾವೇನು ಮಾಡಿಲ್ಲ ಅಂದ್ಬುಟ್ಟೆ. ಅಷ್ಟಕ್ಕೇ ಬಾಯ್ ಮುಚ್ಕೊಂಡಿದ್ರೆ ಆಗಿತ್ತು. 'ಓದೋರು ಸುಮ್ನೆ ಓದ್ಕೊಳ್ಳಿ, ಕೆಲ್ಸ ಮಾಡೋರ್ ಕೈ ಹಿಡ್ದು ನಿಲ್ಲುಸ್ಬ್ಯಾಡಿ' ಅಂದೆ. ಅವಳ್ ಜೊತೇಲಿ ಬಂದಿದ್ ಮಕ್ಳೆಲ್ಲ ಗೊಳ್ ಅಂತ ನಕ್ಬುಟ್ವು. ಅವಳ ಕಣ್ಣಲ್ಲಿ ನೀರು ಬಂತು. ಅಂಗೇ ಒಂಟೋದ್ಲು."

ಹುಡುಗರು ಹೋದ ಮೇಲೆ ಚಿಕ್ಕಮಾದಮ್ಮ ತಾಳಪ್ಪನ ಖಾಲಿ ಅಚ್ಚನ್ನು ಮಡಿಲಿಗೆ ಹಾಕಿಕೊಂಡು ಒಳಗೆ ಬೆರಳಾಡಿಸಿದರು. ಅಚ್ಚು ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಹಿಂದಲೆಯ ಜಾಗದಲ್ಲಿ ಅಗಲವಾದ ಗುಳಿ ಇತ್ತು, ಅಂಚು ಅಚ್ಚುಕಟ್ಟಾಗಿತ್ತು. ಯಾರೋ ಬೇಕೆಂದೇ ಮಾಡಿದ ಗುಳಿ. ಹನ್ನೊಂದು ವರ್ಷ ಹೊರಗಿನಿಂದ ನೋಡಿದ್ದನ್ನು ಒಳಗಿನಿಂದ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

"ಮಾರನೇ ದಿನದಿಂದ ಉಜ್ಜೋದ್ ಬುಟ್ಟೆ. ಬಾಯ್ ಮಾತ್ರ ಬುಡ್ಲಿಲ್ಲ. ಮೂರು ತಿಂಗ್ಳು."

ಆ ಮೂರು ತಿಂಗಳು ಹೇಗಿತ್ತು ಎಂಬುದನ್ನು ಮಗಳು ಸುಮಾ ಹೇಳುತ್ತಾರೆ. "ಅಮ್ಮ ಊಟಕ್ಕೆ ಕೂತ್ರೆ ತಟ್ಟೆ ನೋಡ್ಕೊಂಡು ಕೂತಿರೋರು. ಏನಮ್ಮ ಅಂದ್ರೆ ಬೆನ್ನು ನೋವು ಅನ್ನೋರು. ನಾನು ನರ್ಸು ಅಲ್ವಾ, ಮುಲಾಮು ಹಚ್ಚಿ ಹಚ್ಚಿ ಕೊಟ್ಟೆ. ಹಚ್ಚಿಸ್ಕೊಂಡೂ ಹಚ್ಚಿಸ್ಕೊಂಡೂ ಸುಮ್ನಿರೋರು."

* * *

ಬಾಯಿ ಬಿಡಿಸಿದ್ದು ಒಂದು ಫೋನ್ ಕರೆ. ಹಾಸನದ ಕಡೆಯ ಕಾಲೇಜೊಂದಕ್ಕೆ ಹೊಸ ಸೆಟ್ ಹೋಗಿತ್ತು, ಉಬ್ಬು ಇರುವ ಸರಿಯಾದ ತಾಳಪ್ಪ. ಅಲ್ಲಿನವರು ಹಳೆಯ ಸೆಟ್ಟಿನ ಜೊತೆ ಹೋಲಿಸಿ ನೋಡಿ, ಹೊಸ ಬುರುಡೆಯ ಹಿಂದೆ ಏನೋ ಗಡ್ಡೆಯಂತೆ ಬಂದಿದೆ, ಮಾಲು ಕೆಟ್ಟಿದೆ, ಬದಲಾಯಿಸಿಕೊಡಿ ಎಂದು ಫೋನ್ ಮಾಡಿದರು. ಲಿಂಗರಾಜು ಚಿಕ್ಕಮಾದಮ್ಮನ ಹತ್ತಿರ ಬಂದು, "ಯಾಕಮ್ಮ, ಇತ್ತೀಚೆಗೆ ಫಿನಿಶಿಂಗ್ ಸರಿ ಬರ್ತಿಲ್ವಂತೆ. ಮೊದ್ಲಿನ ಥರಾನೇ ಉಜ್ಜಿ ಕಳ್ಸು" ಅಂದರು.

"ನಾನ್ ಕೆಡ್ಸಿದ್ದು ಸರಿ ಆಗೋಗದೆ, ಸರಿ ಇರೋದು ಕೆಟ್ಟಿರೋದು ಆಗೋಗದೆ. ಅರ ಕೈಗೆ ತಗೊಂಡೆ ಮೇಡಂ, ಉಜ್ಜಕ್ಕೆ ಆಗ್ಲಿಲ್ಲ. ಕೆಳಗಿಟ್ಬುಟ್ಟು, 'ಸಾ, ಇದೇ ಸರಿ. ಇಷ್ಟ್ ದಿನ ಕಳ್ಸಿದ್ದೇ ತಪ್ಪು. ಮಾಡ್ದೋಳು ನಾನು' ಅಂದೆ."

ಲಿಂಗರಾಜು ಮೊದಲು ಒಪ್ಪಲಿಲ್ಲ. ಈಗ ಆ ದಿನವನ್ನು ನೆನೆಯುವಾಗ ಅವರು ನನ್ನ ಮುಖ ನೋಡುವುದಿಲ್ಲ, ನೆಲ ನೋಡಿಕೊಂಡು ಮಾತಾಡುತ್ತಾರೆ. "ಹನ್ನೊಂದು ವರ್ಷದಿಂದ ಒಬ್ರೂ ಕಂಪ್ಲೇಂಟ್ ಮಾಡಿಲ್ಲ, ನೀನ್ಯಾಕೆ ಎದ್ದಿದ್ದೀಯ, ಸುಮ್ನಿರು ಅಂದೆ. ಒಂದು ಮಾತು ಹೇಳ್ಲಾ? ಆ ಅಚ್ಚು ತರಿಸ್ದೋನು ನಾನು. ಜೊತೇಲಿ ಬುರುಡೆ ಹೇಗಿರ್ಬೇಕು ಅಂತ ಒಂದು ಫೋಟೋ ಹಾಳೆ ಬಂದಿತ್ತು. ಅದನ್ನ ಬೀರುವಿಗೆ ಹಾಕ್ದೋನು ಇವರಿಗೆ ತೋರಿಸ್ಲೇ ಇಲ್ಲ. ಏಳನೇ ಕ್ಲಾಸು ಓದಿರೋರಿಗೆ ಅದೆಲ್ಲ ಯಾಕೆ ಅಂದ್ಕೊಂಡೆ."

ಮರುದಿನ ಚಿಕ್ಕಮಾದಮ್ಮ ರಜೆ ಹಾಕಿ, ಸರಿಯಾದ ಬುರುಡೆಯೊಂದನ್ನು ಟವೆಲಿನಲ್ಲಿ ಸುತ್ತಿ, ಬಟ್ಟೆಚೀಲದಲ್ಲಿಟ್ಟುಕೊಂಡು ನಿಶ್ಚಿತಾಳ ಕಾಲೇಜಿಗೆ ಹೋದರು. ಬಸ್ಸಿನಲ್ಲಿ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದಾಗ ಯಾರೋ ಬೇಡ ಅಂದರು. ಒಳಗೆ ಹದಿನೆಂಟು ವಿದ್ಯಾರ್ಥಿಗಳು, ಅಧ್ಯಾಪಕ ಸುಂದರೇಶ. ಚಿಕ್ಕಮಾದಮ್ಮ ತಂದ ಬುರುಡೆಯನ್ನೂ ಅಲ್ಲಿದ್ದ ಹಳೆಯದನ್ನೂ ಪಕ್ಕಪಕ್ಕ ಇಟ್ಟು, ನಿಂತೇ ಹೇಳಿದರು. ಉಜ್ಜಿದ್ದು ತಾನು ಅಂದರು. ಈ ಹುಡುಗಿ ಕೇಳಲು ಬಂದಾಗ ಸುಳ್ಳು ಹೇಳಿದ್ದೂ ತಾನೇ ಅಂದರು.

ಸುಂದರೇಶ ಆ ದಿನವನ್ನು ಮರೆತಿಲ್ಲ. "ನಾನು ಒಂಬತ್ತು ವರ್ಷದಿಂದ ಆ ಬುರುಡೆಯನ್ನು ಕೈಯಲ್ಲಿ ಹಿಡಿದು, ಇಲ್ಲಿರುವ ಉಬ್ಬನ್ನು ಗಮನಿಸಿ ಎಂದು ಪಾಠ ಮಾಡಿದ್ದೇನೆ. ಮಕ್ಕಳು ತಲೆ ಆಡಿಸಿದ್ದಾರೆ. ಅಲ್ಲಿ ಉಬ್ಬು ಇದೆಯೋ ಇಲ್ಲವೋ ಎಂದು ನಾನೇ ಮುಟ್ಟಿ ನೋಡಿರಲಿಲ್ಲ. ಮುಟ್ಟಿ ನೋಡಿದ ಒಬ್ಬಳೇ ಹುಡುಗಿಗೆ ಕೆಂಪು ಗೆರೆ ಎಳೆದೆ. ಆ ತಾಯಿ ಕ್ಷಮೆ ಕೇಳುವಾಗ ನಾನು ಕೂತಿದ್ದೆ. ಎದ್ದು ನಿಲ್ಲಬೇಕು ಅಂತಲೂ ಹೊಳೆಯಲಿಲ್ಲ."

ನಿಶ್ಚಿತಾ ಹೊಸ ಬುರುಡೆಯನ್ನು ತೆಗೆದುಕೊಂಡು ಹಿಂದಲೆಗೆ ಅಂಗೈ ಇಟ್ಟಳು. ಆಮೇಲೆ ಹೇಳಿದಳು: "ನಾನು ರೆಕಾರ್ಡಲ್ಲಿ ಉಬ್ಬು ಇದೆ ಅಂತಾನೇ ಬರ್ದೆ ಆಂಟಿ. ಇಲ್ಲ ಅಂತ ಗೊತ್ತಿದ್ದೂ ಬರ್ದೆ. ಸೈನ್ ಮಾಡಿಸ್ಕೊಂಡೆ. ಅವತ್ತು ನೀವು ಅಂದಿದ್ದಕ್ಕೆ ಎಲ್ಲರೂ ನಕ್ಕಿದ್ರು."

"ಪರ್ವಾಗಿಲ್ಲ ಬುಡಿ ಆಂಟಿ ಅಂತ ಅವ್ಳು ಅನ್ಲಿಲ್ಲ," ಅನ್ನುತ್ತಾರೆ ಚಿಕ್ಕಮಾದಮ್ಮ. "ಅನ್ನದೆ ಇದ್ದದ್ದೇ ಒಳ್ಳೇದಾಯ್ತು. ಅಂದಿದ್ರೆ ನಾನು ಮನೆಗೋಗಿ ಮಲಗ್ಬುಡ್ತಿದ್ದೆ."

ಅವರನ್ನು ಸಮಾಧಾನ ಮಾಡಲು ಸುಂದರೇಶ ಒಂದು ಸಂಗತಿ ಹೇಳಿದರಂತೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಫ್ರಾನ್ಸಿನ ಗುಹೆಯೊಂದರಲ್ಲಿ ವಯಸ್ಸಾದ ನಿಯಾಂಡರ್ತಾಲ್ ಒಬ್ಬನ ಅಸ್ಥಿಪಂಜರ ಸಿಕ್ಕಿತು. ಅವನಿಗೆ ಸಂಧಿವಾತ ಇತ್ತು, ಬೆನ್ನುಮೂಳೆ ಸವೆದಿತ್ತು. ಆಗಿನ ದೊಡ್ಡ ವಿಜ್ಞಾನಿಯೊಬ್ಬರು ಅವನ ಮೂಳೆಗಳನ್ನು ನೋಡಿ, ಇವರು ನೆಟ್ಟಗೆ ನಿಲ್ಲಲೂ ಬಾರದ, ಮಂಡಿ ಬಾಗಿಸಿ ತೂರಾಡುವ ಅರೆಮೃಗಗಳು ಎಂದು ಬರೆದರು. ಆ ಚಿತ್ರವನ್ನು ಜಗತ್ತು ಸುಮಾರು ಐವತ್ತು ವರ್ಷ ನಂಬಿತು. ನಿಮ್ಮದು ಅದರ ಮುಂದೆ ಏನೂ ಅಲ್ಲ ಎಂದು ಸುಂದರೇಶ ಹೇಳಿದಾಗ ಚಿಕ್ಕಮಾದಮ್ಮ ಕೊಟ್ಟ ಉತ್ತರ ಇದು: "ಅವ್ರು ದೊಡ್ಡೋರು ಸಾ. ಅವ್ರ ತಪ್ಪ ತಿದ್ದಕ್ಕೆ ಇನ್ನೊಬ್ರು ದೊಡ್ಡೋರು ಬತ್ತಾರೆ. ನನ್ ತಪ್ಪ ತಿದ್ದಕ್ಕೆ ಯಾರು ಬತ್ತಾರೆ? ನಾನೇ ಓಗ್ಬೇಕು."

* * *

ಹಾಗೆ ಹೊರಟವರು ಹದಿನಾಲ್ಕು ತಿಂಗಳಾದರೂ ನಿಂತಿಲ್ಲ. ರವಾನೆ ಪುಸ್ತಕದಿಂದ ಮುನ್ನೂರ ಅರವತ್ತೆಂಟು ವಿಳಾಸಗಳನ್ನು ಸುಮಾ ಬಿಡಿಸಿ ಬರೆದುಕೊಟ್ಟಿದ್ದಾರೆ. ದೂರದ ಕಾಲೇಜುಗಳಿಗೆ ಕಾಗದ ಹೋಗಿದೆ, ಒಪ್ಪಿದವರಿಗೆ ಹೊಸ ಬುರುಡೆ. ಈವರೆಗೆ ಹಾಗೆ ಬದಲಾದವು ತೊಂಬತ್ತಾರು. ಐವತ್ತೆರಡು ಕಾಲೇಜುಗಳು ನಮ್ಮದು ಒಡೆದುಹೋಗಿದೆ, ಕಳೆದುಹೋಗಿದೆ ಎಂದು ತಿಳಿಸಿವೆ. ಮೈಸೂರು, ಮಂಡ್ಯ, ಚಾಮರಾಜನಗರದ ಸುತ್ತ ಇರುವಲ್ಲಿಗೆ ಚಿಕ್ಕಮಾದಮ್ಮ ಶನಿವಾರ ಶನಿವಾರ ತಾವೇ ಹೋಗುತ್ತಾರೆ. ಆ ದಿನ ಅವರಿಗೆ ಶೆಡ್ಡಿನ ಕೆಲಸ ಇಲ್ಲ ಎಂದು ಲಿಂಗರಾಜು ಬಿಟ್ಟಿದ್ದಾರೆ. ಪ್ಲಾಸ್ಟರನ್ನೂ ಅವರೇ ಕೊಡುತ್ತಾರೆ. ಹೀಗೆ ಕೈಯಾರೆ ತಿದ್ದಿದ್ದು ಎಂಬತ್ತೇಳು. ಉಳಿದಿರುವುದು ನೂರ ಮೂವತ್ಮೂರು.

ಕಳೆದ ಶನಿವಾರ ನಾನೂ ಜೊತೆಗೆ ಹೋದೆ. ನಂಜನಗೂಡಿನಿಂದ ಆಚೆ, ಹಳ್ಳಿಯೊಂದರ ಅಂಚಿನ ಕಾಲೇಜು. ಗೇಟಿನಲ್ಲಿ ಕಾವಲುಗಾರ ಏನು ಮಾರೋಕೆ ಬಂದಿದ್ದೀರಿ ಅಂದ. ಮಾರೋಕಲ್ಲ, ರಿಪೇರಿಗೆ ಅಂದರು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತ ಮೇಲೆ ಒಳಗೆ ಬಿಟ್ಟರು. ಬುರುಡೆ ಬೀರುವಿನ ಮೇಲೆ ಧೂಳು ಹಿಡಿದು ಕೂತಿತ್ತು. ಅಲ್ಲಿದ್ದ ಮೇಷ್ಟ್ರು ಸ್ಟೂಲು ಹತ್ತಿ ಇಳಿಸಿಕೊಡುತ್ತಾ, "ಇದಕ್ಕೋಸ್ಕರ ಮೈಸೂರಿಂದ ಬಂದ್ರಾ? ನಮ್ಮಲ್ಲಿ ಇದನ್ನ ಯಾರೂ ಕೇಳೋದಿಲ್ಲ ಕಣಮ್ಮ. ಪರೀಕ್ಷೇಲೂ ಬರಲ್ಲ" ಅಂದರು.

"ಪರೀಕ್ಷೇಲಿ ಬರದಿದ್ರೂ ಅವನಿಗೆ ಇತ್ತಲ್ಲ ಸಾ," ಅಂದರು ಚಿಕ್ಕಮಾದಮ್ಮ. "ಸತ್ತೋಗಿರೋನು. ಅವನಿಗಿದ್ದದ್ನ ಇಲ್ಲ ಅನ್ಸಕ್ಕೆ ನಾನ್ಯಾರು?"

ಚಿಕ್ಕಮಾದಮ್ಮ ವರಾಂಡದಲ್ಲಿ ಗೋಣಿಚೀಲ ಹಾಸಿ ಕೂತರು. ಹಿಂದಲೆಯ ಬಣ್ಣವನ್ನು ಕೆರೆದರು. ಹೊಸ ಪ್ಲಾಸ್ಟರ್ ಹಿಡಿಯಲಿ ಎಂದು ಚಾಕುವಿನಿಂದ ಅಡ್ಡಡ್ಡ ಗೀರಿದರು, ನೀರು ಚಿಮುಕಿಸಿದರು. ಬಟ್ಟಲಿನಲ್ಲಿ ಕಲಸಿದ ಪ್ಲಾಸ್ಟರನ್ನು ಬೆರಳಿನಿಂದ ಪದರ ಪದರವಾಗಿ ಹಚ್ಚಿದರು. ಎಷ್ಟು ಎತ್ತರ, ಎಷ್ಟು ಅಗಲ ಎಂದು ನೋಡಲು ಅವರ ಬಳಿ ಕತ್ತರಿಸಿದ ಒಂದು ರಟ್ಟು ಇದೆ. ಅದನ್ನು ಬುರುಡೆಗೆ ಆನಿಸಿ, ಬೆಳಕು ತೂರದ ಹಾಗೆ ಕೂರುವವರೆಗೂ ತಿದ್ದುತ್ತಾರೆ. ಆ ರಟ್ಟನ್ನು ಅಳತೆ ಮಾಡಿ ಕತ್ತರಿಸಿ ಅಂಚೆಯಲ್ಲಿ ಕಳಿಸಿದವಳು ನಿಶ್ಚಿತಾ. ಜೊತೆಗೆ ಪತ್ರವೇನೂ ಇರಲಿಲ್ಲವಂತೆ.

ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಬಣ್ಣ ಬಳಿದು ಒಣಗುವವರೆಗೆ ಕಾದು, ಬುರುಡೆಯನ್ನು ಒರೆಸಿ, ಬೀರುವಿನ ಮೇಲೆ ಅಲ್ಲ, ಮೇಜಿನ ಮೇಲೆ ಇಟ್ಟು ಬಂದರು. ಸುಮಾ ಬರೆದುಕೊಟ್ಟ ಪಟ್ಟಿ ತೆಗೆದು ಒಂದು ಹೆಸರಿನ ಮುಂದೆ ಗೀಟು ಹಾಕಿದರು. ವಾಪಸ್ ಬಸ್ಸಿಗೆ ಕಾಯುವಾಗ ಕೇಳಿದೆ: ಇಷ್ಟೆಲ್ಲ ತಿದ್ದಿದ ಮೇಲೆ ಈಗ ಮನಸ್ಸು ಹಗುರ ಆಯಿತೇ?

"ಇಲ್ಲ ಕಣಮ್ಮ," ಅಂದರು. ಬೆಳಗಿನಿಂದ ಮೇಡಂ ಅನ್ನುತ್ತಿದ್ದವರು ಮೊದಲ ಸಲ ಹಾಗಂದರು. "ಬುರುಡೆಗಾದ್ರೆ ಪ್ಲಾಸ್ಟರ್ ಹಚ್ಬೋದು. ಹನ್ನೊಂದ್ ವರ್ಷ ಅದ್ನ ಕೈಯಲ್ಲಿ ಹಿಡ್ಕೊಂಡು ಓದ್ದೋರು ಎಲ್ಲೆಲ್ಲವ್ರೋ. ಅವ್ರಲ್ಲಿ ಎಷ್ಟ್ ಜನ ಮೇಷ್ಟ್ರುಗಳಾಗವ್ರೋ. ಅವ್ರನ್ನ ಎಲ್ಲಿ ಹುಡುಕ್ಲಿ? ಒಂದೊಂದ್ ದಿನ ಬಸ್ಸಲ್ಲಿ ಯಾರಾದ್ರೂ ಓದಿರೋ ಮಕ್ಳು ಪಕ್ಕದಲ್ಲಿ ಕೂತ್ರೆ ಮುಖ ಆ ಕಡೆ ತಿರುಗ್ಸ್ಕೊತೀನಿ. ಇವರಿಗೂ ನಾನು ಸುಳ್ಳು ಕಲ್ಸಿದ್ದೀನೇನೋ ಅಂತ."

ಮುಂದಿನ ತಿಂಗಳು ಅವರಿಗೆ ಕಣ್ಣಿನ ಪೊರೆ ತೆಗೆಸುವುದಿದೆ. ಅದಾದ ಮೇಲೆ ಬಾಕಿ ಊರುಗಳು. ದೊಡ್ಡ ಆಸೆ ಏನಾದರೂ ಇದೆಯೇ ಎಂದರೆ, ನೂರ ಮೂವತ್ಮೂರು ಮುಗಿಯಬೇಕು ಅನ್ನುತ್ತಾರೆ. ಅದಕ್ಕಿಂತ ದೊಡ್ಡದು ಯಾವುದೂ ಅವರಿಗೆ ತೋಚುತ್ತಿಲ್ಲ.

ಸೋಮವಾರ ಮತ್ತೆ ಶೆಡ್ಡಿಗೆ ಹೋದೆ, ಪುರವಣಿಗೆ ಫೋಟೋ ಬೇಕಿತ್ತು. ಆಗ ತಾನೇ ಬಣ್ಣಕ್ಕೆ ಸಿದ್ಧವಾದ ಬುರುಡೆಯೊಂದು ಹಲಗೆಯ ಮೇಲಿತ್ತು. ಅದನ್ನು ಹಿಡಿದು ಸ್ವಲ್ಪ ನಗಿ ಅಂದೆ. ಚಿಕ್ಕಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಆಮೇಲೆ ಪಕ್ಕಕ್ಕೆ ಸರಿದರು.

"ನನ್ ಮುಖ ಬ್ಯಾಡಿ ಮೇಡಂ," ಅಂದರು. ಎರಡೂ ಕೈಯಲ್ಲಿ ಬುರುಡೆಯನ್ನು ಎತ್ತಿ, ಮುಖ ಗೋಡೆಯ ಕಡೆ ಬರುವಂತೆ ಮೆಲ್ಲಗೆ ತಿರುಗಿಸಿ ಇಟ್ಟರು. "ಇವನ್ದು ತೆಗೀರಿ. ಹಿಂದ್ಗಡೆಯಿಂದ ತೆಗೀರಿ."